ನನ್ನ ದನಿಯಲ್ಲಿ ಹೋದ ಮಾತು

ಆಗಸ್ಟ್ 4, ಸೋಮವಾರ

ಇವತ್ತು ನನ್ನ ದನಿಯನ್ನು ಕಂಪ್ಯೂಟರಿಗೆ ಕೊಟ್ಟು ಬಂದೆ. ಆಫೀಸಿನ ಹಿಂದಿನ ಗೊಬ್ಬರದ ಗೋದಾಮಿನಲ್ಲಿ ಮೂಟೆಗಳ ನಡುವೆ ಕೂತು, ಮ್ಯಾನೇಜರ್ ಉಮಾಶಂಕರ್ ಸಾರ್ ಕೊಟ್ಟ ವಾಕ್ಯಗಳನ್ನು ಓದಿದ್ದೇ ಓದಿದ್ದು. ಗೋದಾಮು ಯಾಕೆಂದರೆ ಅಲ್ಲಿಗೆ ಬಸ್ಸಿನ ಹಾರನ್ ಕೇಳಿಸುವುದಿಲ್ಲ. "ನಮಸ್ಕಾರ, ನಾನು ಶಿವರಂಜನಿ, ರೈತರ ಕಂಪನಿಯಿಂದ ಮಾತಾಡುತ್ತಿದ್ದೇನೆ." ತಾಳವಾಡಿಯಲ್ಲಿ ಹೀಗೆ ಮಾತಾಡುವವರು ಯಾರಿದ್ದಾರಪ್ಪ? ನಾನಂತೂ ಫೋನೆತ್ತಿದರೆ "ಏಳಿ, ಏನಾಯ್ತು" ಅನ್ನುವವಳು.

ಐದು ವರ್ಷದಿಂದ ರೈತರ ಬೆಳೆ ಪ್ರಶ್ನೆಗಳಿಗೆ ಉತ್ತರ ಹೇಳುವ ಕೆಲಸ ನನ್ನದು. ಕೃಷಿ ಡಿಪ್ಲೊಮಾ ಓದಿದ್ದಕ್ಕೆ ಸಿಕ್ಕಿದ್ದು. ಅವರು ವಾಟ್ಸಾಪಿನಲ್ಲಿ ಎಲೆಯ ಫೋಟೊ ಕಳಿಸುತ್ತಾರೆ, ಮಾತಾಡಿ ಕಳಿಸುತ್ತಾರೆ. ಓದುವವರು ಕಡಿಮೆ, ಆದ್ದರಿಂದ ನಾನೂ ಮಾತಾಡಿಯೇ ಕಳಿಸುತ್ತೇನೆ. ಇನ್ನು ಮೇಲೆ ಅವರ ಮಾತನ್ನು ಎಐ ಕೇಳಿ, ಉತ್ತರ ಬರೆದು, ಅದನ್ನು ನನ್ನ ದನಿಯಲ್ಲೇ ಹೇಳುತ್ತದಂತೆ. ನಾನು ಪ್ರತಿಯೊಂದನ್ನೂ ಕೇಳಿ, ಸರಿಯಿದೆ ಅನ್ನಿಸಿದರೆ ಹಸಿರು ಗುಂಡಿ ಒತ್ತಬೇಕು. ಒತ್ತಿದರೆ ಹೋಯಿತು.

"ಇನ್ಮೇಲೆ ನಿಮ್ ಮೇಲೆ ಪುಗಾರ್ ಬರಲ್ಲ ಬಿಡಿ," ಅಂದರು ಸಾರ್. ಕಳೆದ ತಿಂಗಳು ನಮ್ಮೂರು ದೊಡ್ಡಗಾಜನೂರಿನ ಗುರುಮಲ್ಲಪ್ಪ "ಆ ಎಣ್ಣು ಬಾಯಿಗ್ ಬಂದಂಗೆ ಬಯ್ತದೆ" ಅಂತ ಆಫೀಸಿಗೆ ಹೋಗಿ ದೂರು ಕೊಟ್ಟಿದ್ದ. ಬಯ್ಯದೆ ಇನ್ನೇನು? ಔಷಧಿ ಎರಡು ಮುಚ್ಚಳ ಹಾಕಯ್ಯ ಅಂದರೆ ಅರ್ಧ ಬಾಟ್ಲಿ ಸುರಿದು, ಮೆಕ್ಕೆಜೋಳ ಸುಟ್ಟೋಯ್ತು ಅಂತ ನನ್ನ ಹತ್ತಿರವೇ ಬಂದವನನ್ನು ಮುದ್ದು ಮಾಡಲೇ?

ಆಗಸ್ಟ್ 9, ಶನಿವಾರ

ಮಿಷನ್ ಚೆನ್ನಾಗಿಯೇ ಮಾಡುತ್ತದೆ, ಒಪ್ಪಿಕೊಳ್ಳಲೇಬೇಕು. ಟೊಮೊಟೊ ಎಲೆ ಮುದುರಿದ್ದಕ್ಕೆ, ಕೋಸಿನ ಹುಳಕ್ಕೆ, ಮೆಕ್ಕೆಜೋಳದ ಸುಳಿ ಕೊರೆಯುವ ಹುಳಕ್ಕೆ ನಾನು ಹೇಳುವುದನ್ನೇ ಹೇಳಿತು. ಒಂದೆರಡು ಕಡೆ ಎಡವಿತು. ಬೇವಿನ ಎಣ್ಣೆ ಹೊಡೆಯಿರಿ ಅಂದಿದ್ದು ಸರಿ, ನಡು ಮಧ್ಯಾಹ್ನ ಹೊಡೆಯಿರಿ ಅಂದಿತ್ತು, ತಿದ್ದಿ ಕಳಿಸಿದೆ. ಎಲ್ಲವನ್ನೂ ಕೂತು ಕೇಳುವಷ್ಟರಲ್ಲಿ ಮಧ್ಯಾಹ್ನದ ಊಟ ಸಂಜೆಗೆ ಹೋಯಿತು.

ಮನೆಗೆ ಬಂದು ಅವ್ವನಿಗೆ ಒಂದು ಕೇಳಿಸಿದೆ. ಅವ್ವ ರಾಗಿ ಹಿಟ್ಟಿನ ಕೈಯನ್ನು ಬಾಯಿಗೆ ಅಡ್ಡ ಹಿಡಿದು ನಕ್ಕಳು. "ಇದ್ಯಾರೆ ಇದು? ನಿನ್ ಗಂಟ್ಲಾಗೆ ಯಾರೋ ದೊಡ್ಡಮನ್ಸರ ಮನೆ ಸೊಸೆ ಕೂತ್ಕಂಡಂಗದೆ!"

ನಕ್ಕರೆ ನಗಲಿ. ನನಗೇನೋ ಕೇಳಲು ಹಿತವಾಗಿತ್ತು. ನಾನು ಒಳ್ಳೆ ಮನಸ್ಸಿನಲ್ಲಿದ್ದರೆ ಹೀಗೇ ಮಾತಾಡುತ್ತಿದ್ದೆನೇನೋ.

ಆಗಸ್ಟ್ 18, ಸೋಮವಾರ

ಮಳೆ ಬಿಟ್ಟಿದೆ. ಮಳೆ ಬಿಟ್ಟ ಕೂಡಲೇ ಕಳೆ ಎದ್ದಿದೆ, ಕಳೆ ಎದ್ದ ಕೂಡಲೇ ಇವರ ಬಾಯಿ ಎದ್ದಿದೆ. ಬೆಳಿಗ್ಗೆ ಫೋನ್ ತೆರೆದರೆ ಪ್ರಶ್ನೆಗಳ ರಾಶಿ. ಸಾರ್ ಬಂದು ಪರದೆ ನೋಡಿ, "ಪೆಂಡಿಂಗ್ ಇಷ್ಟೊಂದು ಇಟ್ಕೊಂಡ್ರೆ ಎಂಗೆ ಶಿವರಂಜನಿ? ಉತ್ತರ ರೆಡಿ ಇದೆಯಲ್ಲ, ಒತ್ತದು ತಾನೆ," ಅಂದರು.

ಒತ್ತಿದೆ. ಮೊದಲಿನ ಹತ್ತನ್ನು ಪೂರ್ತಿ ಕೇಳಿದೆ. ಆಮೇಲೆ ಶುರುವಿನಲ್ಲಿ ಒಂದಿಷ್ಟು ಕೇಳಿದೆ. ಆಮೇಲೆ ಪ್ರಶ್ನೆಯನ್ನಷ್ಟೇ ಓದಿದೆ. ಆಮೇಲೆ ಅದೂ ಇಲ್ಲ, ಬರೀ ಒತ್ತಿದೆ. ಎರಡು ವಾರದಲ್ಲಿ ದೊಡ್ಡ ತಪ್ಪು ಒಂದೂ ಮಾಡಿಲ್ಲವಲ್ಲ ಅದು.

ಆಗಸ್ಟ್ 21, ಗುರುವಾರ

ಪೆಂಡಿಂಗ್ ಎಲ್ಲಾ ಖಾಲಿ. ಸಂಜೆ ಐದಕ್ಕೇ ಮನೆ. ಇಂಥ ಸುಖ ಈ ಕೆಲಸದಲ್ಲಿ ಕಂಡಿರಲಿಲ್ಲ.

ಆಗಸ್ಟ್ 28, ಗುರುವಾರ

ಬರೆಯಲು ಕೈ ಬರುತ್ತಿಲ್ಲ. ಆದರೂ ಬರೆಯುತ್ತೇನೆ.

ಬೆಳಿಗ್ಗೆ ಪಣಕಹಳ್ಳಿಯಿಂದ ಪುಟ್ಟಮಲ್ಲಮ್ಮತ್ತೆ ಫೋನ್ ಮಾಡಿದರು. ನೆಂಟರೇನಲ್ಲ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ, ಈ ಚೋಟುದ್ದ ಹುಡುಗಿಗೇನು ಗೊತ್ತು ಅಂತ ಎಲ್ಲರೂ ಮುಖ ತಿರುಗಿಸುತ್ತಿದ್ದಾಗ, ನನ್ನ ಮಾತನ್ನು ಮೊದಲು ಕೇಳಿದವರು. ಅವತ್ತಿನಿಂದ ಅತ್ತೆ. "ಅವ್ರೆ ಗಿಡ ಎಲ್ಲಾ ಸುರುಟ್ಕಂಡ್ ಕೂತವೆ ಕಣವ್ವ. ವಸಿ ಬಂದ್ ನೋಡು," ಅಂದರು.

ಹೋಗಿ ಬದುವಿನ ಮೇಲೆ ನಿಂತ ಕೂಡಲೇ ಗೊತ್ತಾಯಿತು. ರಾಗಿ ಕಪ್ಪು ಹಸಿರಾಗಿ ನಿಂತಿದೆ. ರಾಗಿಯ ನಡುನಡುವೆ ಹಾಕಿದ ಅಕ್ಕಡಿ ಸಾಲುಗಳಲ್ಲಿ ಬಿಳಿಜೋಳವೂ ನೆಟ್ಟಗಿದೆ. ಅದೇ ಸಾಲಿನ ಅವರೆ, ಸಾಸಿವೆ, ಹುಚ್ಚೆಳ್ಳು ಮಾತ್ರ ಹಿಂಡಿ ಎಸೆದ ಬಟ್ಟೆಯ ಹಾಗೆ ತಿರುಚಿಕೊಂಡು ಬಿದ್ದಿವೆ. ಅಗಲ ಎಲೆಯ ಕಳೆ ಸಾಯಿಸುವ ಔಷಧಿ ಹೊಡೆದರೆ ಹೀಗಾಗುತ್ತದೆ. ಆ ಔಷಧಿಗೆ ಕಳೆಯೂ ಒಂದೇ, ಅವರೆಯೂ ಒಂದೇ.

ಸಿಟ್ಟು ನೆತ್ತಿಗೇರಿತು. "ಯಾವ ಅಂಗಡಿಯೋನು ಏಳ್ದ ನಿಮ್ಗೆ ಇದ ಒಡೀರಿ ಅಂತ? ಅಕ್ಕಡಿ ಇರೋ ಒಲಕ್ಕೆ ಯಾರಾರ ಇದ ಒಡೀತಾರ? ನನ್ನ ಒಂದ್ ಮಾತ್ ಕೇಳಕಾಗ್ನಿಲ್ವ?" ಅಂತ ಕೂಗಾಡಿದೆ.

ಅವರ ಗಂಡ ಮಾದಯ್ಯ ಮಾವ ತಲೆ ಕೆರೆದುಕೊಂಡು ಅತ್ತ ನೋಡಿದರು. ಅತ್ತೆ ಸೊಂಟದಿಂದ ಫೋನ್ ತೆಗೆದು, ಒತ್ತಿ, ನನ್ನ ಮುಂದೆ ಹಿಡಿದರು.

"ನಮಸ್ಕಾರ ಅಮ್ಮ. ನಾನು ಶಿವರಂಜನಿ. ನಿಮ್ಮ ರಾಗಿ ಹೊಲದಲ್ಲಿ ಕಳೆ ಹೆಚ್ಚಾಗಿದೆ ಎಂದು ತಿಳಿದು ಬೇಸರವಾಯಿತು. ಚಿಂತೆ ಮಾಡಬೇಡಿ." ಆಮೇಲೆ ಔಷಧಿಯ ಹೆಸರು. ಎಷ್ಟು ನೀರಿಗೆ ಎಷ್ಟು ಅನ್ನುವುದು. ಎಲ್ಲಾ ನನ್ನದೇ ಗಂಟಲು.

ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಉತ್ತರ ತಪ್ಪೂ ಅಲ್ಲ. ರಾಗಿ ಒಂದೇ ಇದ್ದಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಅತ್ತೆ ಕೇಳಿದ್ದು "ರಾಗಿ ಒಲ್ದಲ್ಲಿ ಕಳೆ ಎಚ್ಚಾಗದೆ, ಆಳ್ ಸಿಗ್ತಿಲ್ಲ, ಏನ್ ಒಡೀಲಿ" ಅಂತ. ನಮ್ಮ ಕಡೆ ಯಾರು ಕೇಳಿದರೂ ಹಾಗೆಯೇ ಕೇಳುವುದು. ರಾಗಿ ಹೊಲ ಅಂದಮೇಲೆ ಅಕ್ಕಡಿ ಇದ್ದೇ ಇರುತ್ತದೆ. ಊಟಕ್ಕೆ ಬನ್ನಿ ಅಂದವರು ಸಾರೂ ಇದೆ ಅಂತ ಬೇರೆ ಹೇಳುತ್ತಾರೆಯೇ? ಮಿಷನ್ನಿಗೆ ಅದು ಗೊತ್ತಿಲ್ಲ. ಗೊತ್ತಿದ್ದವಳು ನಾನು. ಅದಕ್ಕೇ ನನ್ನನ್ನು ಅಲ್ಲಿ ಕೂರಿಸಿದ್ದು.

"ಅದು ನಾನಲ್ಲ ಅತ್ತೆ," ಅಂದೆ. "ಮಿಷನ್ ಮಾತಾಡದು. ನಾನ್ ಕೇಳಿ ಕಳಿಸ್ಬೇಕಾಗಿತ್ತು. ಕೇಳ್ದೆ ಕಳಿಸ್ಬುಟ್ಟೆ."

"ನಿನ್ ಗಂಟ್ಲು ನಂಗ್ ಗೊತ್ತಾಗಲ್ವ ಮಗ?" ಅಂದರು. "ಅವತ್ತು ಎಷ್ಟ್ ನಯವಾಗ್ ಮಾತಾಡ್ದೆ. ಪಾಪ, ಎಣ್ಣು ಇವತ್ತು ಕುಸಿಯಾಗದೆ ಅಂತ ನಿಮ್ ಮಾವುಂಗೂ ಕೇಳಿಸ್ದಿ."

ಆಮೇಲೆ ಇನ್ನೊಂದು ಮಾತು ಹೇಳಿದರು. "ನಿನ್ನ ಕೂಗುದ್ರೆ, ನೀನ್ ಬರ್ದೆ ಇನ್ಯಾರ್ನೋ ನಿನ್ನಂಗೆ ಮಾಡಿ ಕಳಿಸ್ಬುಟ್ಟಲ್ಲವ್ವ."

ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ಬಯ್ಯಲಿಲ್ಲ. ಅವರಿಗೆ ವರ್ಷದ ಸಾರಿನ ಕಾಳು ಅದೇ. ಚಳಿಗಾಲದಲ್ಲಿ ಸೊಗಡಿನ ಕಾಯಿ ಚಾಮರಾಜನಗರದ ಮಾರ್ಕೆಟ್ಟಿಗೆ ಹೋಗುವುದೂ ಅದೇ. ಬೀಜ ತವರಿನಿಂದ ತಂದದ್ದು. ಬೂದಿ ಬೆರೆಸಿ ಮಡಕೆಯಲ್ಲಿ ಎತ್ತಿಟ್ಟು ಇಷ್ಟು ವರ್ಷ ನಡೆಸಿಕೊಂಡು ಬಂದಿದ್ದಾರೆ. ಈಗ ಮಡಕೆಯ ತಳದಲ್ಲಿ ಎರಡು ಸೇರು ಇದ್ದರೆ ಹೆಚ್ಚು. ಆ ಎರಡು ಸೇರಿನ ಆಚೆಗೆ ಆ ಬೀಜ ಇನ್ನೆಲ್ಲೂ ಇಲ್ಲ.

ಆಗಸ್ಟ್ 29, ಶುಕ್ರವಾರ

ಸಾರ್ ಕೇಳಿ ಬೆವೆತರು. ಆಮೇಲೆ, "ಗ್ರೂಪಲ್ಲಿ ಒಂದು ಮೆಸೇಜ್ ಹಾಕಿ. ತಾಂತ್ರಿಕ ದೋಷ ಅಂತ," ಅಂದರು.

"ದೋಷ ನಂದು ಸಾರ್. ಗುಂಡಿ ಒತ್ತಿದೋಳು ನಾನು. ಒತ್ತದು ತಾನೆ ಅಂದೋರು ನೀವು."

ಸಾರ್ ಮುಖ ಕೆಂಪಾಯಿತು. ಸಿಟ್ಟೋ ನಾಚಿಕೆಯೋ, ನನಗೆ ತಿಳಿಯಲಿಲ್ಲ. ಕಡೆಗೆ ಅವರೇ, "ಇನ್ಯಾರ್ಯಾರ್ಗೆ ಹೋಗಿದೆ ನೋಡಿ ಮೊದ್ಲು," ಅಂದರು.

ಮಿಷನ್ನನ್ನೇ ಕೇಳಿದೆ, ಇದೇ ಔಷಧಿ ಇನ್ನು ಯಾರಿಗೆ ಹೇಳಿದ್ದೀಯ ಅಂತ. ಕಣ್ಣು ಮಿಟುಕಿಸುವಷ್ಟರಲ್ಲಿ ಹೆಸರು, ಊರು, ದಿನ ಎಲ್ಲಾ ತೆಗೆದಿಟ್ಟಿತು. ನಾನು ಹುಡುಕಿದ್ದರೆ ರಾತ್ರಿಯಾಗುತ್ತಿತ್ತು. ಆ ಕೆಲಸಕ್ಕೆ ಭೇಷ್ ಅನ್ನಲೇಬೇಕು.

ಎಲ್ಲರಿಗೂ ನಾನೇ ಮಾತಾಡಿ ಕಳಿಸಿದೆ: ಔಷಧಿ ಹೊಡೆಯಬೇಡಿ, ಹೊಡೆದಿದ್ದರೆ ತಕ್ಷಣ ಫೋನ್ ಮಾಡಿ. ಸ್ವಲ್ಪ ಹೊತ್ತಿಗೆ ಕಾಡಂಚಿನ ಚಿಕ್ಕಬಸಮ್ಮನ ಉತ್ತರ ಬಂತು. "ಮೊನ್ನೆ ಒಡಿ ಅಂದೆ. ಇವತ್ತು ಬ್ಯಾಡ ಅಂತೀಯ. ಎಲ್ಡ್ರಲ್ಲಿ ನೀನ್ ಯಾವ್ದು?"

ಏನು ಹೇಳಲಿ? ನಾನೇ ಅಂತ ಹೇಳಿದರೆ ಅದನ್ನೂ ಅದೇ ಗಂಟಲಲ್ಲಿ ತಾನೇ ಹೇಳುವುದು. ಸ್ಕೂಟಿ ತೆಗೆದೆ. ಸಾರ್ ಒಂದು ದಿಕ್ಕಿನ ಮನೆಗಳಿಗೆ ತಾವು ಹೋಗುತ್ತೇನೆಂದು ಬೈಕ್ ಹತ್ತಿದರು. ಇದನ್ನು ನಾನು ನೆನೆಸಿರಲಿಲ್ಲ.

ಚಿಕ್ಕಬಸಮ್ಮ ಹೊಡೆದಿರಲಿಲ್ಲ, ಇನ್ನೂ ಔಷಧಿ ತಂದಿರಲಿಲ್ಲ. ಎರಡು ಮನೆಯವರು ಹೊಡೆದಿದ್ದರು, ಆದರೆ ಅವರದು ಬರೀ ರಾಗಿ, ಶಿವ ಕಾಪಾಡಿದ. ಕಡೆಗೆ ನಮ್ಮೂರಿಗೇ ಬಂದು ಗುರುಮಲ್ಲಪ್ಪಣ್ಣನ ಮನೆ. ಔಷಧಿಯ ಬಾಟ್ಲಿ ಗೂಡಿನಲ್ಲಿ ಮುಚ್ಚಳ ತೆಗೆಯದೆ ಕೂತಿತ್ತು.

"ಯಾಕಣ್ಣ ಒಡೀನಿಲ್ಲ?"

"ನೀನ್ ಬಯ್ನಿಲ್ಲ ಕಣವ್ವ!" ಅಂದರು. "ಅಣ್ಣ, ಚಿಂತೆ ಮಾಡಬೇಡಿ ಅಂತು ಫೋನು. ನಾನ್ ಔಷ್ದಿ ವಿಚಾರ ಕೇಳಿ, ನೀನ್ ಬಯ್ದೆ ಉತ್ರ ಕೊಡದುಂಟಾ? ಈ ಎಣ್ಣಿಗೆ ಮೈ ಸಮ ಇಲ್ಲ, ನಾಕ್ ದಿನ ತಡೀವ ಅಂದ್ಕಂಡಿ."

ನಗು ಬಂತು, ನಗುತ್ತಾ ನಗುತ್ತಾ ಅಳುವೇ ಬಂದುಬಿಟ್ಟಿತು. ಆ ಮನುಷ್ಯ ಗಾಬರಿಯಾಗಿ ಹೆಂಡತಿಯನ್ನು ಕೂಗಿ ಮಜ್ಜಿಗೆ ಕೊಡಿಸಿದರು.

ಸೆಪ್ಟೆಂಬರ್ 1, ಸೋಮವಾರ

ಕೆಲಸ ಬಿಡುತ್ತೇನೆ ಅಂತ ಹೇಳಲು ಹೋದವಳು ಜಗಳ ಆಡಿ ಬಂದೆ.

ನನ್ನ ದನಿ ಬೇಡ ಅಂದೆ. ಉತ್ತರದ ಕರಡು ಮಿಷನ್ ಬರೆದುಕೊಡಲಿ, ಯಾರು ಯಾವಾಗ ಏನು ಕೇಳಿದರು ಅಂತ ನೆನಪಿಟ್ಟುಕೊಳ್ಳಲಿ, ಫೋಟೊದಲ್ಲಿ ನನಗೆ ಕಾಣದ್ದು ಕಂಡರೆ ತೋರಿಸಲಿ. ಆದರೆ ಹೊಲದಲ್ಲಿ ಇನ್ನೇನಿದೆ ಅಂತ ತಿರುಗಿ ಕೇಳದೆ ಯಾವ ಔಷಧಿಯ ಹೆಸರೂ ಹೊರಗೆ ಹೋಗಬಾರದು. ಹೋಗುವ ಮಾತನ್ನು ನಾನೇ ಆಡಬೇಕು. ಇಂಥದೊಂದು ಮಿಷನ್ ನಮ್ಮ ಹತ್ತಿರ ಇದೆ ಅಂತ ರೈತರಿಗೂ ಗೊತ್ತಿರಬೇಕು. ಗುಟ್ಟಾಗಿ ಇಟ್ಟಿದ್ದೇ ಮೊದಲ ತಪ್ಪು.

"ಆಗ ದಿನಕ್ಕೆ ಎಷ್ಟ್ ಜನಕ್ಕೆ ಉತ್ತರ ಕೊಡಕ್ಕಾಗುತ್ತೆ?" ಅಂದರು ಸಾರ್.

"ಆದಷ್ಟು ಜನಕ್ಕೆ."

"ಮೇಲಿನೋರ್ಗೆ ನಾನೇನ್ ಹೇಳ್ಲಿ?"

"ಪಣಕಹಳ್ಳಿಗೆ ಕರ್ಕೊಂಡೋಗಿ ಆ ಒಲ ತೋರ್ಸಿ ಸಾರ್."

ಬಹಳ ಹೊತ್ತು ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡುತ್ತಿದ್ದರು. ಆಮೇಲೆ ನನ್ನೆದುರಿಗೇ ಆ ದನಿಯನ್ನು ಅಳಿಸಿದರು. ಖುಷಿಯಾಗುತ್ತದೆ ಅಂದುಕೊಂಡಿದ್ದೆ. ಒಂಥರಾ ಆಯಿತು. ಪಾಪ, ಚೆನ್ನಾಗಿ ಮಾತಾಡುತ್ತಿತ್ತು.

ಅತ್ತೆಗೆ ಮೂರು ಸಲ ಫೋನ್ ಮಾಡಿದೆ. ಎತ್ತಲಿಲ್ಲ.

ಸೆಪ್ಟೆಂಬರ್ 4, ಗುರುವಾರ

ಅವರೆಯನ್ನು ಈಗಲೂ ಊರಬಹುದು, ತಡವಾದರೂ. ಖಾಲಿ ಸಾಲು ಹಾಗೇ ಬಿದ್ದಿದೆ. ಆದರೆ ಆ ಮಣ್ಣಿನಲ್ಲಿ ಔಷಧಿಯ ನಂಜು ಇನ್ನೂ ಇದ್ದರೆ? ಮಡಕೆಯಲ್ಲಿ ಉಳಿದ ಬೀಜವೂ ಹೋಗುತ್ತದೆ, ತವರಿನ ಅವರೆ ಅಲ್ಲಿಗೆ ಮುಗಿಯುತ್ತದೆ.

ಮಿಷನ್ನನ್ನು ಕೇಳಿದೆ. ಇನ್ನು ಭಯವಿಲ್ಲ, ಬಿತ್ತಬಹುದು ಅಂತು. ಅನುಮಾನ ಬಂದು ಬೇರೆ ಥರ ಕೇಳಿದೆ. ಇನ್ನೂ ಎರಡು ತಿಂಗಳು ಬಿತ್ತಬೇಡಿ ಅಂತು. ಎರಡು ಸಲವೂ ಅದೇ ಧೈರ್ಯ! ನನಗೆ ಕಲಿಸಿದ ಮೇಷ್ಟ್ರಿಗೆ ಫೋನ್ ಮಾಡಿದೆ. ಅವರು ಮಣ್ಣು ಎಂಥದು, ಆಮೇಲೆ ಮಳೆ ಎಷ್ಟು ಬಂತು, ಎಷ್ಟು ಹೊಡೆದರು ಅಂತೆಲ್ಲ ಕೇಳಿ, "ಇಲ್ಲಿ ಕೂತು ಹೇಳಕ್ಕಾಗಲ್ಲ ಕಣಮ್ಮ. ಆ ಹೊಲದ ಮಣ್ಣು ತಂದು ನಾಲ್ಕು ಕಾಳು ಹಾಕಿ ನೋಡು," ಅಂದರು.

ಪಣಕಹಳ್ಳಿಗೆ ಹೋದೆ. ಅತ್ತೆ ಜಗಲಿಯ ಮೇಲೆ ಕೂತು ಸೊಪ್ಪು ಸೋಸುತ್ತಿದ್ದರು. ತಲೆಯೆತ್ತಲಿಲ್ಲ. ಮಾವನೇ ಹೊಲಕ್ಕೆ ಬಂದು ಚೀಲಕ್ಕೆ ಮಣ್ಣು ತುಂಬಿಕೊಟ್ಟರು. "ಅವ್ಳು ಊಟ ಸರ್ಯಾಗಿ ಮಾಡ್ತಿಲ್ಲ," ಅಂದರು.

ಹಳೇ ಎರಡು ಬಾಣಲೆಗೆ ತಳದಲ್ಲಿ ತೂತು ಮಾಡಿ, ಒಂದಕ್ಕೆ ಆ ಮಣ್ಣು, ಇನ್ನೊಂದಕ್ಕೆ ನಮ್ಮ ಹಿತ್ತಲ ಮಣ್ಣು ಹಾಕಿದೆ. ಕಾಳು ನಮ್ಮ ಮನೆಯದು. ಅವ್ವ ಬಾಣಲೆ ಹಾಳಾಯ್ತು ಅಂತ ಗೊಣಗುತ್ತಿದ್ದಾಳೆ.

ಸೆಪ್ಟೆಂಬರ್ 8, ಸೋಮವಾರ

ಹಿತ್ತಲ ಮಣ್ಣಿನಲ್ಲಿ ಮೊಳಕೆ ಬಂದಿದೆ. ಇನ್ನೊಂದರಲ್ಲಿ ಇಲ್ಲ.

ಸೆಪ್ಟೆಂಬರ್ 9, ಮಂಗಳವಾರ

ಇಲ್ಲ. ಸಂಜೆ ಬೆರಳಲ್ಲಿ ಕೆದಕಿ ನೋಡೋಣ ಅನ್ನಿಸಿತು. ಅವ್ವ ಕೈ ಮೇಲೆ ಹೊಡೆದಳು.

ಸೆಪ್ಟೆಂಬರ್ 10, ಬುಧವಾರ

ಬಂತು! ನಾಲ್ಕರಲ್ಲಿ ಮೂರು. ಕುತ್ತಿಗೆ ಬಗ್ಗಿಸಿಕೊಂಡು ಮೇಲೆ ಬಂದಿವೆ. ಎಲೆ ಬಿಚ್ಚುವವರೆಗೆ ಯಾರಿಗೂ ಹೇಳುವುದಿಲ್ಲ.

ಸೆಪ್ಟೆಂಬರ್ 14, ಭಾನುವಾರ

ಎಲೆ ನೆಟ್ಟಗೇ ಇದೆ, ಮುದುರಿಲ್ಲ. ಹಿತ್ತಲ ಗಿಡಕ್ಕಿಂತ ಸ್ವಲ್ಪ ಸಣ್ಣ. ನಾಲ್ಕನೆಯದು ಮಣ್ಣಿನಲ್ಲೇ ಉಳಿಯಿತು; ಅದು ನಂಜಿಗೋ, ಕಾಳೇ ಹುಳುಕೋ, ಹೇಳಲು ಬರುವುದಿಲ್ಲ.

ಇವತ್ತು ರಜೆ, ಆದರೂ ಫೋನ್ ಬಿಡಲಿಲ್ಲ. ಮನೆಯಿಂದಲೇ ಮಾತಾಡಿದೆ. ಗುರುಮಲ್ಲಪ್ಪಣ್ಣ ಟೊಮೊಟೊ ಎಲೆಯ ಫೋಟೊ ಕಳಿಸಿದ್ದರು. ಅಕ್ಕಪಕ್ಕ ಏನು ಹಾಕಿದ್ದೀರಿ, ನೀರು ಎಂದು ಬಿಟ್ಟಿರಿ, ದನ ಆ ಬದುವಿನಲ್ಲಿ ಮೇಯುತ್ತದೆಯೇ ಅಂತ ಕೇಳಿ, ಆಮೇಲೆ ಏನು ಮಾಡಬೇಕು ಅಂತ ಹೇಳಿದೆ. ಒಬ್ಬರಿಗೇ ಅಷ್ಟು ಹೊತ್ತು ಹಿಡಿಯಿತು. ಅವ್ವ ರೊಟ್ಟಿ ತಟ್ಟುತ್ತಾ, "ಏನೇ, ಬೆಳಗಿಂದ ಯಾರ್ಗೂ ಬಯ್ನಿಲ್ಲ?" ಅಂದಳು. ಮಾತಾಡಿ ಮಾತಾಡಿ ಗಂಟಲು ಕಟ್ಟಿದೆ, ಇನ್ನೇನು.

ಸೆಪ್ಟೆಂಬರ್ 15, ಸೋಮವಾರ

ಬೆಳಿಗ್ಗೆ ಅತ್ತೆಗೆ ಫೋನ್ ಮಾಡಿದೆ. ಎತ್ತಿದರು. "ಊಂ," ಅಂದರು, ಅಷ್ಟೇ.

ಬಾಣಲೆಯ ವಿಚಾರ ಮೊದಲಿನಿಂದ ಹೇಳಿದೆ. ಎರಡು ದಿನ ತಡವಾಗಿ ಮೊಳೆತದ್ದು, ಒಂದು ಬಾರದೇ ಹೋದದ್ದು, ಎಲೆ ನೆಟ್ಟಗಿರುವುದು. ಮಿಷನ್ ಎರಡು ಸಲ ಎರಡು ಥರ ಹೇಳಿದ್ದನ್ನೂ ಹೇಳಿದೆ. ಎಲ್ಲಾ ಮುಗಿದ ಮೇಲೆ ಅತ್ತೆ ಕೇಳಿದರು.

"ಅಂಗಾರೆ, ಮಡ್ಕೇದ ತಕ್ಕೊಂಡೋಗಿ ಊರುದ್ರೆ ಬತ್ತದ?"

ಬರುತ್ತದೆ ಅನ್ನಬೇಕು ಅಂತ ಬಾಯಿ ತುದಿಯಲ್ಲಿತ್ತು. ಅವರಿಗೆ ಬೇಕಾಗಿದ್ದದ್ದು ಅದೇ. ನನಗೂ ಅದೇ ಬೇಕಿತ್ತು.

"ಗೊತ್ತಿಲ್ಲ ಕಣತ್ತೆ," ಅಂದೆ. "ಬಾಣ್ಲೀಲಿ ಬಂದದೆ. ಒಲ್ದಲ್ಲೂ ಉಟ್ತದೆ ಅಂತ ಅನ್ಸ್ತದೆ. ತಡ ಆಗೋಗದೆ, ಕಾಯಿ ಕಚ್ತದೋ ಇಲ್ವೋ ನಂಗ್ ಗೊತ್ತಿಲ್ಲ. ಬೀಜ ಪೂರ್ತಿ ಆಕ್ಬ್ಯಾಡಿ. ಅರ್ಧ ಮಡ್ಕೇಲೇ ಇರ್ಲಿ."

ಇಟ್ಟೇಬಿಟ್ಟರೇನೋ ಅಂತ ಫೋನನ್ನು ಕಿವಿಯಿಂದ ತೆಗೆದು ನೋಡಿದೆ. ಇಟ್ಟಿರಲಿಲ್ಲ.

"ಇದು ನೀನೇ ಕಣವ್ವ," ಅಂದರು ಅತ್ತೆ. "ನಾಳೀಕ್ ಒತ್ತಾರೆನೇ ಬಾ. ಇಬ್ರೂ ಊರಾನ."